ಮೂವತ್ತೈದು ಸಾವಿರದಲ್ಲಿ ಐದು

ಮಗ ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ, ಅಂದರೆ 2025ರ ಬೇಸಿಗೆಯಲ್ಲಿ, ನಾನೂ ನನ್ನ ಹೆಂಡತಿಯೂ ಎರಡು ತಿಂಗಳು ಅವನ ಮನೆಯಲ್ಲಿದ್ದೆವು. ಅಲ್ಲಿ ಏಪ್ರಿಲ್ ಕೊನೆಗೆ ಶಾಲೆಗಳಿಗೆ ರಜೆ ಕೊಡುತ್ತಾರೆ. ಆ ರಜೆಯಲ್ಲಿ ಎಲ್ಲರೂ ಪ್ಯಾರಿಸ್‌ಗೆ ಹೋಗಿ ಲೂವ್ರ್ ಮ್ಯೂಸಿಯಂ ನೋಡಿ ಬರುವುದೆಂದು ಮಾತಾಯಿತು.

ಯೋಜನೆ ಹಾಕುವ ಕೆಲಸ ನನ್ನ ಪಾಲಿಗೆ ಬಿತ್ತು. ಬಿತ್ತು ಎನ್ನುವುದಕ್ಕಿಂತ ನಾನೇ ಕೇಳಿ ಪಡೆದೆ ಎನ್ನುವುದು ಸರಿ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಉದ್ದನೆಯ ರೂಲು ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ಎಡಗಡೆ ಸಮಯ, ಬಲಗಡೆ ಖರ್ಚು, ಕೆಳಗೆ ಒಟ್ಟು ಎಂದು ಗೆರೆ ಎಳೆದು ಕೂತೆ.

ಮೊದಲ ತಪ್ಪು ಅಲ್ಲೇ ಆಯಿತು. ಶನಿವಾರ, ಭಾನುವಾರ ಜನಜಂಗುಳಿ ಇರುತ್ತದೆ, ವಾರದ ನಡುವೆ ಹೋಗೋಣ ಎಂದು ಮಂಗಳವಾರ ಗೊತ್ತುಮಾಡಿದೆ. ಮೊಮ್ಮಗಳು ಅನಘಾಗೆ ಹನ್ನೆರಡು ವರ್ಷ. ಅವಳು ಮೊಬೈಲಿನಲ್ಲಿ ಒಂದು ಸಲ ನೋಡಿದವಳೇ, "ತಾತ, ಲೂವ್ರ್‌ಗೆ ಪ್ರತಿ ಮಂಗಳವಾರ ರಜ" ಅಂದಳು. ಸರಿ, ಗುರುವಾರ ಎಂದು ತಿದ್ದಿದೆ. ಮಗ ಟಿಕೆಟ್ ತೆಗೆಯಲು ಕೂತರೆ ಆ ದಿನದ ಟಿಕೆಟ್ಟೇ ಇಲ್ಲ. ನೋಡಿದರೆ ಅದು ಮೇ 1, ಕಾರ್ಮಿಕರ ದಿನ. ನಮ್ಮ ಬ್ಯಾಂಕಿಗೂ ಆ ದಿನ ರಜೆ ಇತ್ತು. ಅಷ್ಟು ವರ್ಷ ಆ ರಜೆಯನ್ನು ತಪ್ಪದೆ ಅನುಭವಿಸಿದ ನನಗೇ ನೆನಪಾಗಲಿಲ್ಲ! ನನ್ನ ಹೆಂಡತಿ ಅಡುಗೆಮನೆಯಿಂದಲೇ, "ರೀ, ಆ ಕಾಗದ ಮಗು ಕೈಗೆ ಕೊಡಿ" ಅಂದಳು.

ಕೊನೆಗೆ ಶುಕ್ರವಾರ ಎಂದಾಯಿತು. ಅದು ಒಳ್ಳೆಯದೇ ಆಯಿತು. ಉಳಿದ ದಿನ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ತೆರೆದಿರುವ ಮ್ಯೂಸಿಯಂ, ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೂ ತೆರೆದಿರುತ್ತದೆ. ಸಂಜೆಯಾಗುತ್ತಾ ಜನ ಕರಗುತ್ತಾರೆ. ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ, ಆದ್ದರಿಂದ ಕತ್ತಲಾಯಿತೆಂಬ ಗಾಬರಿಯೂ ಇಲ್ಲ.

ಟಿಕೆಟ್ಟಿನ ಲೆಕ್ಕ ಹೇಳಿಬಿಡುತ್ತೇನೆ. ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ. ದೊಡ್ಡವರಿಗೆ ಆಗ ತಲೆಗೆ 22 ಯೂರೋ. ನಾವು ನಾಲ್ವರು ದೊಡ್ಡವರು, 88 ಯೂರೋ. ಯೂರೋ ಒಂದಕ್ಕೆ 95 ರೂಪಾಯಿಯಂತೆ ಹಿಡಿದರೂ 8,360 ರೂಪಾಯಿ. 2026ರ ಜನವರಿಯಿಂದ ಯೂರೋಪಿನ ಹೊರಗಿನಿಂದ ಬರುವವರಿಗೆ 32 ಯೂರೋ ಮಾಡಿದ್ದಾರೆ. ಟಿಕೆಟ್ಟನ್ನು ಮೊದಲೇ ಇಂಟರ್‌ನೆಟ್ಟಿನಲ್ಲಿ ತೆಗೆಯಬೇಕು. ಒಳಗೆ ಹೋಗುವ ಹೊತ್ತನ್ನೂ ಆಗಲೇ ಆರಿಸಿಕೊಳ್ಳಬೇಕು. ನಮ್ಮದು ಮಧ್ಯಾಹ್ನ ಮೂರೂವರೆ.

ಇಷ್ಟಾದ ಮೇಲೆ ನಿಜವಾದ ಕಷ್ಟ ಎದುರಾಯಿತು. ಒಳಗೆ ಹೋಗಿ ನೋಡುವುದೇನನ್ನು?

ಲೂವ್ರ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿರುವ ವಸ್ತುಗಳೇ ಸುಮಾರು 35,000. ನಾನು ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಂದೊಂದರ ಮುಂದೆ ಬರೀ ಅರ್ಧ ನಿಮಿಷ ನಿಂತರೂ ಹದಿನೇಳೂವರೆ ಸಾವಿರ ನಿಮಿಷ, ಅಂದರೆ 291 ಗಂಟೆಗೂ ಹೆಚ್ಚು. ದಿನಕ್ಕೆ ಒಂಬತ್ತು ಗಂಟೆ ಎಲ್ಲೂ ಕೂರದೆ, ಏನೂ ತಿನ್ನದೆ ನೋಡಿದರೂ ಮೂವತ್ತೆರಡು ದಿನ ದಾಟುತ್ತದೆ. ಮಂಗಳವಾರದ ರಜೆ ಸೇರಿಸಿದರೆ ಐದೂವರೆ ವಾರ. ಮಕ್ಕಳೇ, ನಂಬಿಕೆ ಬಾರದಿದ್ದರೆ ನೀವೂ ಲೆಕ್ಕ ಹಾಕಿ ನೋಡಿ. ನಮಗಿದ್ದದ್ದು ನಾಲ್ಕು ಗಂಟೆ. ಜೊತೆಗೆ ನನ್ನ ಎರಡು ಮಂಡಿಗಳು. ಅವು ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಅರ್ಧ ಸುತ್ತುವಷ್ಟರಲ್ಲಿಯೇ ಬೆಂಚು ಕೇಳುತ್ತವೆ.

ದಾರಿ ತೋರಿಸಿದವಳು ಸೊಸೆ. "ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳೋಣ ಮಾವ. ಅದನ್ನ ಮಾತ್ರ ಸರಿಯಾಗಿ ನೋಡೋಣ. ದಾರಿಯಲ್ಲಿ ಸಿಕ್ಕಿದ್ದು ಲಾಭ" ಅಂದಳು. ಮಗ ತನ್ನ ಪಾಲನ್ನು ಬಿಟ್ಟುಕೊಟ್ಟ. ಅವನಿಗೆ ಅಲ್ಲಿ ಒಂದು ಕಾಫಿ ಸಿಕ್ಕರೆ ಸಾಕಂತೆ. ಉಳಿದವರು ಐದು ಜನ. ಮೂವತ್ತೈದು ಸಾವಿರದಲ್ಲಿ ಐದು.

ಅನಘಾ ಕೇಳುವ ಮೊದಲೇ ಮೋನಾಲಿಸಾ ಅಂದಳು. ಶಾಲೆಯಲ್ಲಿ ಆ ಚಿತ್ರ ನೋಡಿ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಿದ್ದಳು. ಕೈಬೆರಳುಗಳು ಸರಿಯಾಗಿ ಬಂದಿರಲಿಲ್ಲವಂತೆ, ನಿಜವಾದ ಬೆರಳು ನೋಡಬೇಕಂತೆ. ಎಂಟು ವರ್ಷದ ಪ್ರಣವ್ ಚಿತ್ರಪುಸ್ತಕ ತಿರುವಿ, ಮನುಷ್ಯನ ಮುಖ, ಹದ್ದಿನ ರೆಕ್ಕೆ ಇರುವ ಹೋರಿಯನ್ನು ಆರಿಸಿದ. ಸೊಸೆಗೆ ರೆಕ್ಕೆಯ ವಿಜಯದೇವತೆ. ನನ್ನ ಹೆಂಡತಿಗೆ ವಜ್ರ.

"ಅಲ್ಲಿ ಗೋಲ್ಕೊಂಡದ ವಜ್ರ ಇದೆಯಂತಲ್ಲ, ನಮ್ಮ ಕಡೇದು. ಅದನ್ನ ಬಿಟ್ಟು ಬೇರೆ ಏನು ನೋಡೋದು?" ಎಂದಳು. ಮಾತು ಸುಳ್ಳಲ್ಲ. ಅಲ್ಲಿರುವ ರೆಜೆಂಟ್ ಎಂಬ ವಜ್ರ 1698ರಲ್ಲಿ ಕೃಷ್ಣಾ ನದಿ ದಡದ ಕೊಲ್ಲೂರು ಗಣಿಯಲ್ಲಿ ಸಿಕ್ಕಿದ್ದು. (ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಇದು ಈಗಿನ ಆಂಧ್ರದ್ದು.) ನಾನು ರಾಯಚೂರು ಜಿಲ್ಲೆಯ ಒಂದು ಶಾಖೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು. ಕೃಷ್ಣೆ ನಮ್ಮಲ್ಲಿಂದ ಮುಂದೆ ಹರಿದೇ ಆ ಕೊಲ್ಲೂರಿಗೆ ಹೋಗುತ್ತಿದ್ದಳು. "ನಾಲ್ಕು ವರ್ಷ ಆ ನೀರು ಕುಡಿದಿದ್ದೀನಿ, ನನಗೂ ಒಂದು ಪಾಲಿದೆ" ಎನ್ನುವುದು ಇವಳ ವಾದ.

ನಾನು ಆರಿಸಿದ್ದು ಒಂದು ಕಪ್ಪು ಕಲ್ಲು. "ಅಷ್ಟು ದೂರ ಹೋಗಿ ಕಲ್ಲು ನೋಡ್ತೀರಾ?" ಎಂದು ಮಗ ನಕ್ಕ. ಆಗ ಕಾರಣ ಹೇಳಲಿಲ್ಲ.

ಐದೂ ವಸ್ತುಗಳು ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಹಾಕಿದೆವು. ಲೂವ್ರ್ ಮೊದಲು ಕೋಟೆಯಾಗಿತ್ತು, ಆಮೇಲೆ ರಾಜರ ಅರಮನೆಯಾಯಿತು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1793ರ ಆಗಸ್ಟ್ 10ರಂದು, ಜನರಿಗೆಂದು ಮ್ಯೂಸಿಯಂ ಆಗಿ ತೆರೆಯಿತು. ಕಟ್ಟಡಕ್ಕೆ ಮೂರು ಭಾಗ: ರಿಶೆಲ್ಯೂ, ಸುಲ್ಲಿ, ಡೆನೊನ್. ಹೋರಿಯೂ ನನ್ನ ಕಲ್ಲೂ ರಿಶೆಲ್ಯೂ ಭಾಗದಲ್ಲಿ ಅಕ್ಕಪಕ್ಕ. ಉಳಿದ ಮೂರೂ ಡೆನೊನ್ ಭಾಗದಲ್ಲಿ. ಎಲ್ಲರೂ ಒಳಗೆ ಕಾಲಿಟ್ಟವರೇ ಮೋನಾಲಿಸಾಳ ಕಡೆ ಓಡುತ್ತಾರೆ. ನಾವು ಮೊದಲು ರಿಶೆಲ್ಯೂ ಮುಗಿಸಿ, ಸಂಜೆ ಡೆನೊನ್‌ಗೆ ಹೋಗುವುದೆಂದು ನಿರ್ಧರಿಸಿದೆವು. ಸುಲ್ಲಿ ಭಾಗದಲ್ಲಿರುವ ಕೈಯಿಲ್ಲದ ಸುಂದರಿ ವೀನಸ್‌ಳನ್ನು ಮನಸ್ಸು ಗಟ್ಟಿ ಮಾಡಿಕೊಂಡು ಪಟ್ಟಿಯಿಂದ ಹೊಡೆದುಹಾಕಿದೆವು.

ಇನ್ನೊಂದು ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಮ್ಯೂಸಿಯಂನಲ್ಲಿ ಬೇಕಾದವರಿಗೆ ಗಾಲಿಕುರ್ಚಿಯನ್ನು ಬಾಡಿಗೆಯಿಲ್ಲದೆ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳೋಣ ಎಂದ ಮಗ. ನನಗೆ ಸಿಟ್ಟು ಬಂತು. "ನಾನೇನು ಆಸ್ಪತ್ರೆಗೆ ಹೋಗ್ತಿದ್ದೀನಾ?" ಅಂದೆ. ಅನಘಾ ಮಾತ್ರ, "ಕುರ್ಚಿ ಬೇಡ ಅಂದ್ರೆ ಅರ್ಧ ಗಂಟೆಗೆ ಒಂದು ಬೆಂಚು ನೋಡ್ತೀರಿ ತಾತ. ಬೆಂಚು ನೋಡೋಕೆ ಇಪ್ಪತ್ತೆರಡು ಯೂರೋ ಯಾಕೆ?" ಅಂದಳು. ಲೆಕ್ಕದ ಮಾತಿಗೆ ನಾನು ಎದುರಾಡುವವನಲ್ಲ. ಕುರ್ಚಿ ತೆಗೆದುಕೊಳ್ಳುವುದು, ಆದರೆ ಕೂರಲೇಬೇಕೆಂದು ಯಾರೂ ಒತ್ತಾಯಿಸಬಾರದು ಎಂದು ರಾಜಿಯಾಯಿತು.

ರಾಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ದಾರಿಯಲ್ಲಿ ಮಕ್ಕಳಿಗೆ ಮೋನಾಲಿಸಾ ಕಳುವಾದ ಕಥೆ ಹೇಳಿದೆ. 1911ರ ಆಗಸ್ಟ್ 21, ಸೋಮವಾರ. ಆಗ ಮ್ಯೂಸಿಯಂಗೆ ಸೋಮವಾರ ರಜೆ. ವಿನ್ಸೆಂಜೊ ಪೆರುಜಿಯಾ ಎಂಬ ಇಟಲಿಯವನು ಹಿಂದೆ ಅದೇ ಮ್ಯೂಸಿಯಂನಲ್ಲಿ ಚಿತ್ರಗಳಿಗೆ ಗಾಜು ಕೂರಿಸುವ ಕೆಲಸ ಮಾಡಿದ್ದ. ಅವನು ಆ ದಿನ ಚಿತ್ರವನ್ನು ಗೋಡೆಯಿಂದ ಇಳಿಸಿ ಹೊರಗೆ ಸಾಗಿಸಿಬಿಟ್ಟ. ಎರಡು ವರ್ಷ ಅದು ಪ್ಯಾರಿಸ್‌ನಲ್ಲೇ ಅವನ ಕೋಣೆಯಲ್ಲಿತ್ತು! 1913ರ ಡಿಸೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದ. ಚಿತ್ರ ಹೋದ ಮೇಲೆ ಅದಿದ್ದ ಖಾಲಿ ಗೋಡೆಯನ್ನು ನೋಡಲು ಜನ ಸಾಲುಗಟ್ಟಿ ಬಂದರಂತೆ. ಪ್ರಣವ್ ಬಹಳ ಹೊತ್ತು ಯೋಚಿಸಿ, "ಖಾಲಿ ಗೋಡೆಗೂ ಟಿಕೆಟ್ ಇತ್ತಾ?" ಎಂದು ಕೇಳಿದ.

ಮ್ಯೂಸಿಯಂ ಒಳಗಿನ ಕೋಣೆಗಳಲ್ಲಿ ತಿನ್ನುವಂತಿಲ್ಲ. ಆದ್ದರಿಂದ ಪಕ್ಕದ ಟ್ಯುಲರೀ ಉದ್ಯಾನದಲ್ಲಿ ಹಸಿರು ಬಣ್ಣದ ಕಬ್ಬಿಣದ ಕುರ್ಚಿಗಳ ಮೇಲೆ ಕೂತು ಪುಳಿಯೋಗರೆ, ಮೊಸರನ್ನ ಮುಗಿಸಿದೆವು. ಆಮೇಲೆ ಗಾಜಿನ ಪಿರಮಿಡ್ ಕಡೆಗೆ ನಡೆದೆವು. ಅರಮನೆಯ ಅಂಗಳದ ನಡುವೆ ನಿಂತಿರುವ ಇದು 1989ರಲ್ಲಿ ತೆರೆದದ್ದು. ವಿನ್ಯಾಸ ಮಾಡಿದವರು ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಐ.ಎಂ. ಪೇ. ಹಳೆಯ ಅರಮನೆಯ ಮುಂದೆ ಇದೇನು ಗಾಜಿನ ಗುಡಾರ ಎಂದು ಆಗ ಬಹಳ ಜನ ರೇಗಿದ್ದರು. ಈಗ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರೇ ಇಲ್ಲ.

ಒಳಗೆ ಇಳಿಯಲು ಸುರುಳಿ ಮೆಟ್ಟಿಲು. ಆ ಸುರುಳಿಯ ನಡುವೆ, ಮೇಲೆ ಚಾವಣಿಯೇ ಇಲ್ಲದ ಒಂದು ದುಂಡನೆಯ ಲಿಫ್ಟ್ ಇದೆ. ಕಂಬವೊಂದು ನೆಲದೊಳಗೆ ಮೆಲ್ಲಗೆ ಇಳಿಯುವ ಹಾಗೆ ಕೆಳಗಿಳಿಯುತ್ತದೆ. ಮೇಲೆ ನಿಂತವರಿಗೆ ನಾವು ಮೆರವಣಿಗೆಯ ದೇವರ ಹಾಗೆ ಕಂಡಿರಬೇಕು. ಕೆಳಗೆ ಕುರ್ಚಿ ಕೊಡುವಾಗ ನನ್ನ ಪಾಸ್‌ಪೋರ್ಟ್ ಕೇಳಿ ಇಟ್ಟುಕೊಂಡರು. ಒತ್ತೆ ಇಟ್ಟುಕೊಳ್ಳುವ ಕಡೆ ಕೂತು ಅಭ್ಯಾಸವಿದ್ದವನು, ಆ ದಿನ ಒತ್ತೆ ಇಟ್ಟು ನಿಂತೆ.

ರಿಶೆಲ್ಯೂ ಭಾಗದಲ್ಲಿ ಖಾಲಿ ಗಾಲಿಕುರ್ಚಿಯನ್ನು ನಾನೇ ತಳ್ಳಿಕೊಂಡು ಹೊರಟೆ. ಅದರಲ್ಲಿ ನಮ್ಮ ಚೀಲಗಳು ಕೂತಿದ್ದವು.

ಹೋರಿಗಳ ಅಂಗಳ ತಲುಪಿದಾಗ ಪ್ರಣವ್‌ನ ಬಾಯಿ ಕಟ್ಟಿತು. ಸುಮಾರು 2,700 ವರ್ಷಗಳ ಹಿಂದೆ ಅಸ್ಸೀರಿಯಾದ ರಾಜ ಎರಡನೆಯ ಸಾರ್ಗೋನ್ ಈಗಿನ ಇರಾಕ್ ದೇಶದ ಖೊರ್ಸಾಬಾದ್‌ನಲ್ಲಿ ಅರಮನೆ ಕಟ್ಟಿಸಿದ್ದ. ಅದರ ಬಾಗಿಲು ಕಾಯುತ್ತಿದ್ದವು ಇವು. ಎರಡಾಳೆತ್ತರಕ್ಕೂ ಮಿಗಿಲು. ಮನುಷ್ಯನ ಮುಖ, ಗುಂಗುರು ಗಡ್ಡ, ತಲೆಯ ಮೇಲೆ ಕಿರೀಟ, ಬೆನ್ನಿಗೆ ರೆಕ್ಕೆ. ಪ್ರಣವ್ ಸುತ್ತಲೂ ಓಡಾಡಿ ಎಣಿಸಿ ಬಂದು, "ತಾತ, ಇದಕ್ಕೆ ಐದು ಕಾಲು!" ಎಂದು ಕೂಗಿದ. ಹೌದು, ಐದೇ. ಎದುರಿನಿಂದ ನೋಡಿದರೆ ಎರಡು ಕಾಲೂರಿ ಅಲುಗಾಡದೆ ನಿಂತಿರುತ್ತದೆ. ಪಕ್ಕದಿಂದ ನೋಡಿದರೆ ನಾಲ್ಕು ಕಾಲಲ್ಲಿ ನಡೆಯುತ್ತಿರುತ್ತದೆ. ಎರಡೂ ಕಡೆಗೆ ಸರಿಹೋಗಲೆಂದು ಶಿಲ್ಪಿ ಒಂದು ಕಾಲನ್ನು ಹೆಚ್ಚಿಗೆ ಕಡೆದಿದ್ದಾನೆ. ಅವನು ಅಲ್ಲೇ ನೆಲದ ಮೇಲೆ ಕೂತು ಅದರ ಚಿತ್ರ ಬರೆಯಲು ಶುರುಮಾಡಿದ. ಕಾಲು ಗಂಟೆ ಯಾರೂ ಅವನನ್ನು ಎಬ್ಬಿಸಲಿಲ್ಲ. ಐದೇ ಆರಿಸಿದ್ದರ ಲಾಭ ಇದು.

ಅಲ್ಲಿಂದ ನನ್ನ ಕಲ್ಲಿಗೆ ಬಂದೆವು.

ಬ್ಯಾಬಿಲೋನಿನ ದೊರೆ ಹಮ್ಮುರಾಬಿ ತನ್ನ ರಾಜ್ಯದ ಕಾನೂನುಗಳನ್ನು ಬರೆಸಿದ ಕಲ್ಲು. ವಯಸ್ಸು ಹೆಚ್ಚುಕಡಿಮೆ 3,750 ವರ್ಷ. ಎರಡೂಕಾಲು ಮೀಟರ್ ಎತ್ತರ, ಆಕಾಶಕ್ಕೆ ಎತ್ತಿದ ತೋರುಬೆರಳಿನ ಆಕಾರ. ಮೇಲ್ಭಾಗದಲ್ಲಿ ಸಿಂಹಾಸನದ ಮೇಲೆ ಕೂತ ಸೂರ್ಯದೇವ, ಎದುರಿಗೆ ಕೈಯೆತ್ತಿ ನಿಂತ ದೊರೆ. ಅದರ ಕೆಳಗೆ ಸುತ್ತಲೂ ಮೊಳೆ ಊರಿದಂಥ ಪುಟ್ಟಪುಟ್ಟ ಅಕ್ಷರಗಳು. ನಮ್ಮೂರ ಕೆರೆ ಏರಿಯ ಮೇಲಿರುವ ಶಾಸನದ ಕಲ್ಲು ನೆನಪಾಯಿತು. ಅದರಲ್ಲೂ ಹಾಗೆಯೇ, ಮೇಲೆ ಸೂರ್ಯ ಚಂದ್ರ, ಕೆಳಗೆ ಬರಹ. ಈ ಕಲ್ಲನ್ನು ಹಿಂದೊಮ್ಮೆ ಪಕ್ಕದ ಎಲಾಮ್ ದೇಶದ ರಾಜ ಕೊಳ್ಳೆ ಹೊಡೆದು ಸೂಸಾ ಎಂಬ ನಗರಕ್ಕೆ ಒಯ್ದಿದ್ದ. ಅದು ಈಗಿನ ಇರಾನಿನಲ್ಲಿದೆ. ಅಲ್ಲಿ ಅಗೆಯುತ್ತಿದ್ದ ಫ್ರೆಂಚರಿಗೆ ಇದು 1901ರಲ್ಲಿ ಸಿಕ್ಕಿತು.

ಬಿ.ಕಾಂ. ಓದುವಾಗ ಬ್ಯಾಂಕುಗಳ ಇತಿಹಾಸದ ಪಾಠದಲ್ಲಿ ಬ್ಯಾಬಿಲೋನಿನ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಮೇಷ್ಟ್ರು ಬಿಡಿಸಿದ್ದರು. ಈ ಪ್ರವಾಸಕ್ಕೆಂದು ಓದುವಾಗ ಮಾತ್ರ ಆ ಕಾನೂನುಗಳಲ್ಲಿ ಏನಿದೆಯೆಂದು ತಿಳಿಯಿತು. ಒಟ್ಟು 282 ಎಂದು ಎಣಿಸಿದ್ದಾರೆ. ಸಾಲ, ಬಡ್ಡಿ, ಒತ್ತೆ, ಬಾಡಿಗೆ ಎಲ್ಲ ಇದೆ. ಬೆಳ್ಳಿಯ ಸಾಲಕ್ಕೆ ಐದರಲ್ಲೊಂದು ಪಾಲು ಬಡ್ಡಿ, ಧಾನ್ಯದ ಸಾಲಕ್ಕೆ ಮೂರರಲ್ಲೊಂದು ಪಾಲು. ಬಡ್ಡಿಯ ಆ ಮಾತಿದ್ದ ಜಾಗ ಈ ಕಲ್ಲಿನಲ್ಲಿ ಅಳಿಸಿಹೋಗಿದೆ. ಬೇರೆ ಪ್ರತಿಗಳಿಂದ ತಿಳಿದುಕೊಂಡಿದ್ದಾರೆ.

ನನ್ನನ್ನು ಅಲ್ಲಿಗೆ ಎಳೆದು ತಂದದ್ದು ನಲವತ್ತೆಂಟನೆಯ ಕಾನೂನು. ಸಾಲ ಮಾಡಿದ ರೈತನ ಹೊಲ ಬಿರುಗಾಳಿಗೋ ನೆರೆಗೋ ಸಿಕ್ಕಿ ಹಾಳಾದರೆ, ಅಥವಾ ನೀರಿಲ್ಲದೆ ಬೆಳೆ ಬಾರದೆ ಹೋದರೆ, ಆ ವರ್ಷ ಅವನು ಸಾಲದ ಧಾನ್ಯ ಕೊಡಬೇಕಾಗಿಲ್ಲ. ಆ ವರ್ಷಕ್ಕೆ ಬಡ್ಡಿಯೂ ಇಲ್ಲ. ಆಗ ಸಾಲಪತ್ರವೆಂದರೆ ಮಣ್ಣಿನ ಹಲಗೆ. ಅದನ್ನು ನೀರಿನಲ್ಲಿ ನೆನೆಸಿ ತಿದ್ದಬೇಕು.

ಮಕ್ಕಳಿಗೆ ಇಷ್ಟು ಹೇಳಿ ಸುಮ್ಮನಾಗುವವನಿದ್ದೆ. ಅನಘಾ, "ಅದಕ್ಕೆ ನೀವ್ಯಾಕೆ ಇಷ್ಟು ದೂರ ಬಂದ್ರಿ ತಾತ?" ಎಂದು ಕೇಳಿದಳು.

ಹೇಳಿದೆ. ರಾಯಚೂರು ಜಿಲ್ಲೆಯ ಆ ಶಾಖೆಯಲ್ಲಿ ಬೆಳೆ ಸಾಲದ ಲೆಡ್ಜರು ನನ್ನ ಮೇಜಿನದಾಗಿತ್ತು. ಎಂಬತ್ತರ ದಶಕದ ನಡುವಿನ ಮಾತು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. ಕೃಷ್ಣೆ ಪಕ್ಕದಲ್ಲೇ ಹರಿದರೂ ಎತ್ತರದ ಹೊಲಗಳಿಗೆ ನೀರು ಏರುತ್ತಿರಲಿಲ್ಲ. ಒಂದು ದಿನ ಒಬ್ಬ ಹಿರಿಯ ರೈತರು ಬಂದು ಒಣಗಿದ ಜೋಳದ ದಂಟನ್ನು ನನ್ನ ಕೌಂಟರಿನ ಮೇಲಿಟ್ಟರು. "ಇದನ್ನ ಜಮಾ ಮಾಡ್ಕೋರಿ ಸಾಹೇಬ್ರ. ಈ ವರ್ಷ ಹೊಲದಾಗ ಬಂದದ್ದು ಇಷ್ಟ" ಅಂದರು. ಅವರೂ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಅವರ ಹೆಸರಿಗೆ ಬಡ್ಡಿ ಬಾಕಿಯ ನೋಟೀಸು ಟೈಪ್ ಮಾಡಿದೆ. ಬರ ಬಿದ್ದರೆ ಕಂತು ಮುಂದೂಡುವ ನಿಯಮ ಆಗಲೂ ಇತ್ತು. ಬಡ್ಡಿ ಮಾತ್ರ ನಿಲ್ಲುತ್ತಿರಲಿಲ್ಲ, ಅದಕ್ಕೆ ಬರವೂ ಇಲ್ಲ, ಭಾನುವಾರವೂ ಇಲ್ಲ. ನೋಟೀಸು ತಲುಪಿದ ಮೂರನೆಯ ವಾರ ಅವರು ಬಂದು ಬಡ್ಡಿ ಪೂರ್ತಿ ಕಟ್ಟಿದರು. ಹಣ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಜೊತೆಗೆ ಬಂದಿದ್ದ ಹುಡುಗ ಹೇಳಿದ, ಜೋಡಿ ಎತ್ತಿನಲ್ಲಿ ಒಂದನ್ನು ಮಾರಿದರಂತೆ. ರಸೀತಿ ಬರೆದು ಸೀಲು ಹೊಡೆದು ಕೊಟ್ಟವನು ನಾನೇ.

1990ರಲ್ಲಿ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ರೈತರ ಸಾಲ ಮನ್ನಾ ಮಾಡಿತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು.

"ತಪ್ಪು ನಿಮ್ಮದಲ್ಲವಲ್ಲ ತಾತ. ರೂಲ್ಸ್ ಹಾಗಿತ್ತು" ಅಂದಳು ಅನಘಾ. ಮೂವತ್ತು ನಲವತ್ತು ವರ್ಷ ನಾನೂ ಹಾಗೆಯೇ ಹೇಳಿಕೊಂಡು ಬಂದಿದ್ದೆ. ಇಷ್ಟು ಹಳೆಯ ಕಾಲದಲ್ಲೇ ಯಾರಿಗೋ ಹೊಳೆದಿತ್ತಲ್ಲ ಎನ್ನುವುದು ಆ ಕಲ್ಲಿನ ಮುಂದೆ ನಿಂತಾಗ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ದೊರೆಯ ಎಲ್ಲ ಕಾನೂನೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಕಣ್ಣಿಗೆ ಕಣ್ಣು ಎನ್ನುವ ಕ್ರೂರ ಶಿಕ್ಷೆಗಳೂ ಅದರಲ್ಲಿವೆ. ನನಗೆ ಬೇಕಾಗಿದ್ದದ್ದು ಆ ಒಂದು ಮಾತು. ಅದು ಯಾವ ಸಾಲಿನಲ್ಲಿದೆಯೆಂದು ಗುರುತಿಸಲೂ ನನಗೆ ಬಾರದು. ಆದರೂ ಸುತ್ತ ಒಂದು ಸಲ ನಡೆದು ನೋಡಿದೆ.

ಪ್ರಣವ್ ತನ್ನ ಹೋರಿಯ ಚಿತ್ರ ಹಿಡಿದು ನಿಂತಿದ್ದ. "ಆ ಎತ್ತು ಆಮೇಲೆ ವಾಪಸ್ ಬಂತಾ ತಾತ?" ಎಂದ.

"ಗೊತ್ತಿಲ್ಲ ಪುಟ್ಟ. ನಾನು ವಿಚಾರಿಸಲಿಲ್ಲ" ಅಂದೆ.

ಅಲ್ಲಿಂದ ಮುಂದೆ ನಾನು ಗಾಲಿಕುರ್ಚಿಯಲ್ಲಿ ಕೂತೆ. ಮಂಡಿ ನೋವು ಎಂದು ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಚೀಲಗಳನ್ನು ಮಗ ಹೆಗಲಿಗೆ ಹಾಕಿಕೊಂಡ.

ಡೆನೊನ್ ಭಾಗದ ವಿಜಯದೇವತೆ ದೊಡ್ಡ ಮೆಟ್ಟಿಲ ಸಾಲಿನ ತುದಿಯಲ್ಲಿ ಹಡಗಿನ ಮೂತಿಯ ಮೇಲೆ ನಿಂತಿದ್ದಾಳೆ. ಮೆಟ್ಟಿಲು ಹತ್ತುವವರಿಗೆ ಅವಳು ಮೇಲಿಂದ ಹಾರಿ ಇಳಿದ ಹಾಗೆ ಕಾಣುತ್ತಾಳೆ. ಸೊಸೆ, ಮಕ್ಕಳು ಮೆಟ್ಟಿಲಿನಿಂದ ಹತ್ತಿದರು. ನಾವು ಲಿಫ್ಟ್ ಹುಡುಕಿಕೊಂಡು ಸುತ್ತಿ ಹೋದೆವು. ಗ್ರೀಸಿನ ಸಾಮೊಥ್ರೇಸ್ ದ್ವೀಪದಲ್ಲಿ 1863ರಲ್ಲಿ ಚೂರುಚೂರಾಗಿ ಸಿಕ್ಕಿದ ವಿಗ್ರಹ ಇದು. ತಲೆಯಿಲ್ಲ, ತೋಳಿಲ್ಲ. ಆದರೂ ಎದುರುಗಾಳಿಗೆ ಸೀರೆ ಮೈಗೆ ಅಂಟಿಕೊಂಡ ಹಾಗೆ ಕಲ್ಲಿನ ಬಟ್ಟೆ ಅಂಟಿಕೊಂಡಿದೆ. ಸೊಸೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಹೇಳಿದ್ದು ಇಷ್ಟೇ: "ಮುಖ ಇದ್ದಿದ್ದರೆ ನಾವು ಬರೀ ಮುಖ ನೋಡ್ತಿದ್ವಿ ಅಲ್ವಾ ಮಾವ?"

ಅಲ್ಲೇ ಪಕ್ಕದಲ್ಲಿ ಅಪೋಲೋ ಗ್ಯಾಲರಿ. ಗೋಡೆ, ಚಾವಣಿಯೆಲ್ಲ ಬಂಗಾರದ ಬಣ್ಣ. ಇವಳ ವಜ್ರ ಅಲ್ಲಿತ್ತು. ನೂರನಲವತ್ತು ಕ್ಯಾರೆಟ್. ಕೊಲ್ಲೂರಿನಿಂದ ಮದರಾಸಿನ ಇಂಗ್ಲಿಷ್ ಗವರ್ನರ್ ಥಾಮಸ್ ಪಿಟ್ ಕೈಗೆ ಬಂದು, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಾಟವಾಯಿತು. ಹದಿನೈದನೆಯ ಲೂಯಿಯ ಕಿರೀಟದಲ್ಲಿ, ಆಮೇಲೆ ನೆಪೋಲಿಯನ್ನನ ಕತ್ತಿಯಲ್ಲಿ ಇದ್ದದ್ದು ಇದೇ. ನನ್ನ ಹೆಂಡತಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ" ಎಂದು ಮೆಚ್ಚಿದಳು. ಆ ಮೆಚ್ಚುಗೆ ಐದೂವರೆ ತಿಂಗಳು ಉಳಿಯಿತು. ಅಕ್ಟೋಬರ್ 19ರ ಭಾನುವಾರ ಬೆಳಗ್ಗೆ ಕಳ್ಳರು ಲಾರಿಯ ಮೇಲಿನ ಏಣಿ ಬಳಸಿ ಅದೇ ಗ್ಯಾಲರಿಗೆ ನುಗ್ಗಿ, ಕೆಲವೇ ನಿಮಿಷಗಳಲ್ಲಿ ಎಂಟು ರಾಜಾಭರಣಗಳನ್ನು ಒಯ್ದರು. ಮೈಸೂರಿನಲ್ಲಿ ಟಿ.ವಿ. ನೋಡುತ್ತಿದ್ದ ಇವಳು "ನಮ್ಮದು?" ಎಂದು ಎದ್ದು ನಿಂತಳು. ರೆಜೆಂಟ್ ವಜ್ರವನ್ನು ಅವರು ಮುಟ್ಟಿರಲಿಲ್ಲ. ಆಮೇಲೆ ಕೆಲವು ಆಭರಣಗಳನ್ನು ಬ್ಯಾಂಕ್ ಆಫ್ ಫ್ರಾನ್ಸಿನ ನೆಲಮಾಳಿಗೆಗೆ ಸಾಗಿಸಿದರೆಂದು ಪತ್ರಿಕೆಯಲ್ಲಿ ಓದಿದೆ. ಎಷ್ಟಾದರೂ ಕೊನೆಗೆ ಬ್ಯಾಂಕಿನವರೇ ಬೇಕಾಯಿತು ನೋಡಿ! ಮುಂದೆ ಹೋಗುವವರು ಆ ಗ್ಯಾಲರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಮೋನಾಲಿಸಾಳ ಕೋಣೆಗೆ ಬಂದಾಗ ಏಳು ಗಂಟೆ. ಜನ ಕರಗುತ್ತಾರೆ ಎಂದೆನಲ್ಲ, ಆ ಕೋಣೆಗೆ ಅದು ಅನ್ವಯಿಸುವುದಿಲ್ಲ. ದಸರಾ ಮೆರವಣಿಗೆ ನೋಡಲು ನಿಂತ ಹಾಗೆ ಜನ, ಎಲ್ಲರ ಕೈಯೂ ಮೊಬೈಲು ಹಿಡಿದು ಮೇಲಕ್ಕೆ. ಚಿತ್ರವೋ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ನಮ್ಮ ಅಡುಗೆಮನೆಯ ಕ್ಯಾಲೆಂಡರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಪಾಪ್ಲಾರ್ ಮರದ ಹಲಗೆಯ ಮೇಲೆ ಬರೆದದ್ದು, ಮುಂದೆ ದಪ್ಪ ಗಾಜು. ಅನಘಾ ತುದಿಗಾಲಲ್ಲಿ ನಿಂತಳು, ಎಗರಿದಳು. ಕಂಡದ್ದೆಲ್ಲ ಮುಂದಿನವರ ಮೊಬೈಲಿನೊಳಗಿನ ಪುಟ್ಟ ಮೋನಾಲಿಸಾಗಳು. ಅವಳ ಕಣ್ಣಲ್ಲಿ ನೀರಾಡುವುದು ನನಗೆ ಕುರ್ಚಿಯಿಂದಲೇ ಕಂಡಿತು.

ಅಷ್ಟರಲ್ಲಿ ಕಾವಲಿನ ಹೆಂಗಸೊಬ್ಬರು ನನ್ನ ಕುರ್ಚಿ ನೋಡಿ ಕೈ ಮಾಡಿ ಕರೆದರು. ಪಕ್ಕದ ಹಗ್ಗ ಸರಿಸಿ, ಜೊತೆಗೆ ಒಬ್ಬರು ಬರಬಹುದೆಂದು ಒಂದು ಬೆರಳು ತೋರಿಸಿದರು. ನಾನು ಅನಘಾಳ ಕೈ ಹಿಡಿದೆ. ಎಲ್ಲರಿಗಿಂತ ಮುಂದೆ, ಕಟಕಟೆಯ ಪಕ್ಕದಲ್ಲೇ ನಮ್ಮನ್ನು ಬಿಟ್ಟರು. ಅವಳು ನಗುವನ್ನು ನೋಡಲಿಲ್ಲ. ನೆಟ್ಟಗೆ ಬೆರಳುಗಳನ್ನೇ ನೋಡಿದಳು. ಬಲಗೈ ಎಡಗೈ ಮೇಲೆ ಹೇಗೆ ಕೂತಿದೆ ಎಂದು ತನ್ನ ಕೈಯನ್ನು ಹಾಗೇ ಇಟ್ಟು ನೋಡಿದಳು. ಮೊಬೈಲು ತೆಗೆಯಲೇ ಇಲ್ಲ. ನಾಲ್ಕೈದು ನಿಮಿಷ ಇರಬೇಕು. ಆ ಕುರ್ಚಿ ಬೇಡವೆಂದು ಮನೆಯಲ್ಲಿ ನಾನು ಎಷ್ಟು ಹಾರಾಡಿದ್ದೆ!

ವಾಪಸು ಬಂದರೆ ಪ್ರಣವ್ ಮೋನಾಲಿಸಾಳಿಗೆ ಬೆನ್ನು ಹಾಕಿ ನಿಂತಿದ್ದ. ಅವಳ ಎದುರಿನ ಗೋಡೆಯಲ್ಲಿ ಲೂವ್ರ್‌ನ ಅತಿ ದೊಡ್ಡ ಚಿತ್ರವಿದೆ. ವೆರೊನೀಸ್ ಬರೆದ ಕಾನಾ ಊರಿನ ಮದುವೆ ಊಟ, ಅಗಲ ಹತ್ತಿರ ಹತ್ತಿರ ಹತ್ತು ಮೀಟರ್. ಕೋಣೆಯಲ್ಲಿದ್ದ ಅಷ್ಟೂ ಜನರ ಬೆನ್ನು ಅದರ ಕಡೆಗೆ. ಅದರಲ್ಲಿ ಎಷ್ಟು ನಾಯಿಗಳಿವೆ ಎಂದು ಅವನು ಎಣಿಸುತ್ತಿದ್ದ. ಬಲಗಡೆ ಕೆಳಗೆ, ಕಲ್ಲಿನ ಹೂಜಿಯ ಹತ್ತಿರ ಮಲಗಿದ್ದ ಬೆಕ್ಕನ್ನು ಅಜ್ಜಿಗೆ ತೋರಿಸಿದ. ಅಜ್ಜಿ ಆ ಊಟದ ಪಂಕ್ತಿಯಲ್ಲಿ ಯಾರಿಗೆ ಇನ್ನೂ ಬಡಿಸಿಲ್ಲ ಎಂದು ನೋಡುತ್ತಿದ್ದಳು. ಮಗನೂ ಬಂದು ಸೇರಿಕೊಂಡ. ಕಾಫಿ ಸಿಕ್ಕಿತ್ತಂತೆ, ಸಕ್ಕರೆ ಸಾಲದಂತೆ.

ಕುರ್ಚಿ ಹಿಂದಿರುಗಿಸಿ ಪಾಸ್‌ಪೋರ್ಟ್ ತೆಗೆದುಕೊಂಡೆ. ನನ್ನದೇ ಹೌದೋ ಎಂದು ಹೆಸರು, ನಂಬರು ಎರಡು ಸಲ ನೋಡಿ ಜೇಬಿಗೆ ಹಾಕಿಕೊಂಡೆ. ಹಳೆಯ ಅಭ್ಯಾಸ. ಹೊರಗೆ ಬಂದಾಗ ಪಿರಮಿಡ್ಡಿನ ಗಾಜಿನ ಮೇಲೆ ಇನ್ನೂ ಬಿಸಿಲಿತ್ತು. ಪ್ರಣವ್ ನನ್ನ ಯೋಜನೆಯ ಕಾಗದ ಕೇಳಿ ಇಸಿದುಕೊಂಡ. ಐದರ ಮುಂದೂ ಸರಿ ಗುರುತು ಹಾಕಿ, ಕೆಳಗೆ "ಬೆಕ್ಕು" ಎಂದು ಆರನೆಯದನ್ನು ಸೇರಿಸಿ, ಹಿಂಬದಿ ತಿರುಗಿಸಿ ಲೆಕ್ಕ ಮಾಡಿದ.

"ತಾತ, ಇನ್ನು 34,994 ಬಾಕಿ."